ಮೊಣಕಾಲಿನ ತೇಪೆ

ಹೊಳೆದಂಡೆಯ ಮಠಕ್ಕೆ ಸಿರಿಯವ್ವ ಮಗಳನ್ನು ಕರೆತಂದಳು. ಮಗಳು ಚೆಲುವಿಗೆ ನಾಲ್ಕು ವರ್ಷ.

ಗುರು ಬೋಳಯ್ಯ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎಂಬತ್ತರ ಮುದುಕ. ಪಂಚೆಗೆ ಮೊಣಕಾಲ ಬಳಿ ಎರಡು ತೇಪೆ.

"ಅಯ್ಯಾ, ಇವಳು ನನ್ನ ಕಂಡರೆ ಕಣಜದ ಹಿಂದೆ ಅಡಗ್ತಾಳೆ."

"ನಿನ್ನ ಕೈಯಲ್ಲಿ ಏನಿರುತ್ತೆ?"

"ಸ್ಲೇಟು."

ಗುರು ಇನ್ನೊಂದು ಕಾಯಿ ಸುಲಿದರು.

"ಸ್ಲೇಟು ಬಿಟ್ಟೂ ನೋಡಿದೆ. ಆಡಿಕೊಂಡಿರು ಅಂದೆ. ತಿಂಗಳೆಲ್ಲ ಬೆಕ್ಕಿನ ಬಾಲ ಎಳೆದಳು. ಏನೂ ಕಲೀಲಿಲ್ಲ."

"ಬೆಕ್ಕು ಕಲಿತಿರಬೇಕು."

"ನಗಬೇಡಿ ಅಯ್ಯಾ. ಈ ವಯಸ್ಸಲ್ಲಿ ನಾನೂ ಇದೇ ಅಂಗಳದಲ್ಲಿ ಆಡಿದವಳು. ನೀವು ಒಂದು ದಿನವೂ ಏನೂ ಕಲಿಸಲಿಲ್ಲ. ಎಣಿಸೋದು, ಅಳೆಯೋದು, ಎಲ್ಲ ನಾನೇ ಕಂಡುಕೊಂಡೆ. ಇವಳಿಗೆ ಯಾಕೆ ಆಗಲ್ಲ? ಹೀಗೇ ಆದರೆ ನನ್ನ ಹತ್ತಿರ ಬರೋದನ್ನೇ ಬಿಡ್ತಾಳೆ."

"ನಿಜ. ನಾನೇನೂ ಕಲಿಸಲಿಲ್ಲ," ಎಂದರು ಗುರು. "ಮೂರು ದಿನ ಇರು. ಬಾಯಿ ತೆರೆಯಬೇಡ."

ಮೊದಲ ದಿನ ಕರು ಕೂಗಿತು. ಅದರ ಬಾನಿ ಖಾಲಿ. ನೀರಿನ ಹಂಡೆಯ ಪಕ್ಕ ಒಂದು ಚೆಂಬು ಇತ್ತು. ಯಾರೂ ಹೇಳದೆ ಚೆಲುವಿ ಎದ್ದಳು. ನಾಲ್ಕು ಸಲ ಹೊತ್ತಳು. ಬಾನಿ ತುಂಬಿತು.

ಎರಡನೆಯ ದಿನ ಚೆಂಬು ಇರಲಿಲ್ಲ. ಒಂದು ಲೋಟ, ಒಂದು ಪುಟ್ಟ ಬಿಂದಿಗೆ ಇದ್ದವು. ಚೆಲುವಿ ಲೋಟದಲ್ಲಿ ನೀರು ಸುರಿದು ಬಾನಿ ನೋಡಿದಳು. ಲೋಟ ಬಿಟ್ಟು ಬಿಂದಿಗೆ ಹಿಡಿದಳು.

"ನಿನ್ನೆ ನಾಲ್ಕು. ಇವತ್ತು ಎರಡೇ," ಎಂದಳು ಕರುವಿಗೆ.

ಮನೆಯಲ್ಲಿ ಅವಳು ಒಂದು, ಎರಡು ಎಂದವಳಲ್ಲ.

ಏನೋ ಅದೃಷ್ಟ, ಎಂದುಕೊಂಡಳು ಸಿರಿಯವ್ವ.

ಮೂರನೆಯ ದಿನ ಬೆಳಕು ಹರಿಯುವಾಗ ಅವಳಿಗೆ ಎಚ್ಚರವಾಯಿತು. ಅಂಗಳದಲ್ಲಿ ಏನೋ ತೆವಳುತ್ತಿತ್ತು.

ಬೋಳಯ್ಯ.

ಮೊಣಕಾಲೂರಿ ಹೋಗುತ್ತಿದ್ದರು. ಮಗುವಿನ ಎತ್ತರಕ್ಕೆ ತಲೆ ತಗ್ಗಿಸಿ ಹಂಡೆಯ ಕಡೆ ನೋಡಿದರು. ಬಿಂದಿಗೆಯನ್ನು ಒಂದು ಗೇಣು ಸರಿಸಿದರು. ಹಿಂದೆ ಬಂದು ಮತ್ತೆ ನೋಡಿದರು. ಅರ್ಧ ಗೇಣು ವಾಪಸು ಎಳೆದರು.

ಸಿರಿಯವ್ವ ಎದ್ದು ಹೊರಗೆ ಬಂದಳು. ಗುರು ಹೇಳಿದ್ದು ಮರೆತು ಬಾಯಿ ತೆರೆದಳು.

"ಅಯ್ಯಾ. ನನಗೂ ಹೀಗೇ ಮಾಡ್ತಿದ್ದಿರಾ? ದಿನಾ?"

"ಆಗ ಮೊಣಕಾಲು ಗಟ್ಟಿ ಇತ್ತು."

ಅವಳು ಅಂಗಳವನ್ನು ನೋಡಿದಳು. ಎಲ್ಲವನ್ನೂ ತಾನೇ ಕಂಡುಕೊಂಡ ಅಂಗಳ.

ಗುರು ಎದ್ದು ನಿಂತರು.

"ಈಗ ನೀನು."

ಸಿರಿಯವ್ವ ಮೊಣಕಾಲೂರಿದಳು. ತಲೆ ಎತ್ತಿದಳು. ಅಲ್ಲಿಂದ ಗುರುಗಳ ಮುಖ ಕಾಣಲಿಲ್ಲ. ಎರಡು ಕಾಲು, ಎರಡು ಕೈ, ಮೇಲೆಲ್ಲೋ ಒಂದು ಗದ್ದ.

ಚೆಲುವಿಗೆ ತಾನೂ ಹೀಗೇ ಕಂಡಿರಬೇಕು, ಕೈಯಲ್ಲಿ ಸ್ಲೇಟು ಬೇರೆ.

ಆಮೇಲೆ ಒಳಗಿಂದ ಮೊನ್ನೆಯ ಚೆಂಬು ತಂದಳು. ಬಿಂದಿಗೆಯ ಪಕ್ಕ ಇಟ್ಟಳು. ಮತ್ತೆ ಮೊಣಕಾಲೂರಿ ನೋಡಿದಳು. ಒಂದಿಷ್ಟು ಸರಿಸಿದಳು.

ಗುರು ಕೆಮ್ಮಿದರು. ಚೆಲುವಿ ಎದ್ದು ಬಾಗಿಲಿಗೆ ಬಂದಿದ್ದಳು. ತಾಯಿಯನ್ನು ಕಂಡಳು. ಅಡಗಲಿಲ್ಲ.

"ಅವ್ವಾ, ಏನು ಕಳಕೊಂಡೆ?"

ಸಿರಿಯವ್ವ ತುಟಿ ಕಚ್ಚಿ ಹಿಡಿದಳು.

ಮಗು ಪಕ್ಕದಲ್ಲಿ ಕೂತು ತಾಯಿ ನೋಡಿದ ಕಡೆಗೇ ನೋಡಿತು. ಹೋಗಿ ಚೆಂಬಿನಲ್ಲಿ ನೀರು ಎತ್ತಿ ಬಿಂದಿಗೆಗೆ ಸುರಿಯಿತು. ಇನ್ನೊಂದು ಚೆಂಬು. ಬಿಂದಿಗೆ ತುಂಬಿತು.

ಚೆಲುವಿ ಬಿಂದಿಗೆಯನ್ನು ನೋಡಿದಳು, ಚೆಂಬನ್ನು ನೋಡಿದಳು.

ಬಿಂದಿಗೆಯ ನೀರನ್ನು ಬಾನಿಗೆ ಸುರಿದು, ಓಡಿ ಬಂದು ಚೆಂಬನ್ನು ತಾಯಿಯ ಕೈಯಲ್ಲಿಟ್ಟಳು.

"ನೀನೂ ಸುರಿ. ಎರಡೇ ಹಿಡಿಯೋದು, ನೋಡು."

ಬಿಸಿಲೇರಿದ ಮೇಲೆ ಹೊರಟರು. ಮಗು ತಾಯಿಯ ಬೆರಳು ಹಿಡಿದಿತ್ತು.

"ಅಯ್ಯಾ, ಮನೇಲಿ ಇದನ್ನ ಎಷ್ಟು ದಿನ ಮಾಡಬೇಕು?"

ಬೋಳಯ್ಯ ಅವಳ ಸೀರೆಗೆ ಮೊಣಕಾಲ ಬಳಿ ಮೆತ್ತಿದ್ದ ಮಣ್ಣು ನೋಡಿದರು.

"ಹರಿದಾಗ ಬಾ. ತೇಪೆ ಹಾಕೋದು ಕಲಿಸ್ತೀನಿ."