ಮಡಚಲಾಗದ ಮೀಸೆ

ಮೀಸೆ ಇದ್ದವರಿಗೆಲ್ಲ ದೋಣಿ ಇರುವುದಿಲ್ಲ. ಈ ಒಡೆಯರಿಗೆ ಎರಡೂ ಇದ್ದವು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಡೆಯುವ ಹಾಯಿದೋಣಿಗಳ ಪಂದ್ಯ ಹತ್ತಿರ ಬಂದಾಗ ಅವರು ಚುಕ್ಕಾಣಿ ಹಿಡಿಯುವ ಜಟ್ಟಪ್ಪನನ್ನು ಕರೆಸಿದರು.

"ಈ ಸಲ ನಮ್ಮ ಹಾಯಿ ಅಳಿವೆಗೇ ದೊಡ್ಡದಿರಬೇಕು. ಅದರ ತುಂಬ ನನ್ನ ಮುಖ ಬರೆಸು. ಮೀಸೆ ಆಚೆ ದಡಕ್ಕೂ ಕಾಣಬೇಕು!"

ಜಟ್ಟಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಷ್ಟು ದೊಡ್ಡ ಹಾಯಿಗೆ ಮಧ್ಯಾಹ್ನದ ಪಡುಗಾಳಿ ಹೊಕ್ಕರೆ ದೋಣಿ ಮಗುಚುವುದು ಖಂಡಿತ. ಆದರೆ ಬೇಡ ಎಂದವರನ್ನು ಒಡೆಯರು ಕೆಲಸದಿಂದಲೇ ತೆಗೆದುಬಿಡುತ್ತಿದ್ದರು.

"ಆಯ್ತು ಒಡೆಯಾ. ಆದರೆ ಗಾಳಿ ಜೋರಾದರೆ ದೊಡ್ಡ ಹಾಯಿಯನ್ನ ಕೆಳಗಿಂದ ಮಡಚಿ ಕಟ್ಟಬೇಕಾಗ್ತದೆ. ಮೊದಲ ಮಡಿಕೆಗೆ ತಮ್ಮ ಗದ್ದ ಹೋಗ್ತದೆ."

"ಹೋಗಲಿ!"

"ಎರಡನೆಯದಕ್ಕೆ ಮೀಸೆ ಹೋಗ್ತದೆ."

ಒಡೆಯರ ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಆಮೇಲೆ ಜನಕ್ಕೆ ಕಾಣೋದು ತಮ್ಮ ಬೋಳುತಲೆ ಒಂದೇ."

"ಥೂ! ಮಡಚಬೇಕಿಲ್ಲದ ಹಾಯಿ ಇಲ್ಲವೇನೋ?"

"ಇದೆ ಒಡೆಯಾ, ಚಿಕ್ಕದು. ಎಂಥ ಗಾಳಿಗೂ ಮೀಸೆ ತಗ್ಗೋದಿಲ್ಲ."

"ಮತ್ತೆ ಅದನ್ನೇ ಹೊಲಿಸು, ನನ್ನ ಮುಖ ಏನು ನೋಡ್ತೀಯ!"

ಪಂದ್ಯದ ದಿನ ಪಡುಗಾಳಿ ಹುಚ್ಚೆದ್ದು ಬೀಸಿತು. ದೊಡ್ಡ ಹಾಯಿಯವರೆಲ್ಲ ಮಡಚಲು ಒದ್ದಾಡುತ್ತಿದ್ದಾಗ ಜಟ್ಟಪ್ಪನ ದೋಣಿ ಅವರನ್ನು ದಾಟಿ ಮೊದಲು ದಡ ಮುಟ್ಟಿತು. ಒಡೆಯರು ಮರಳಿನ ಮೇಲೆ ಕುಣಿದಾಡಿದರು.

"ನೋಡಿದೆಯೇನೋ ಜಟ್ಟಪ್ಪಾ, ನನ್ನ ಮೀಸೆಯ ಮಹಿಮೆ!"

ಜಟ್ಟಪ್ಪ ಒದ್ದೆ ಪಂಚೆ ಹಿಂಡುವುದನ್ನು ಬಿಟ್ಟು ಕೈಮುಗಿದ.

"ಸುಳ್ಳಲ್ಲ ಒಡೆಯಾ. ನಮ್ಮ ಜೀವ ಉಳಿದದ್ದೇ ಆ ಮೀಸೆಯಿಂದ."