ಶಬ್ದಮಾಪಕದ ಸರಾಸರಿ

ರನ್‌ವೇ ಪಕ್ಕದ ಹುಲ್ಲಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಮರಿ ಮಾಡಿತ್ತು. ಮಧ್ಯಾಹ್ನ ಹದ್ದು ಎರಗಿದಾಗ ತಾಯಿ ಹಕ್ಕಿ “ಅಡಗಿಕೋ!” ಎಂದು ಗಂಟಲು ಹರಿಯುವಂತೆ ಕೂಗಿತು. ಅದೇ ಹೊತ್ತಿಗೆ ವಿಮಾನ ಅಬ್ಬರಿಸಿ ಮೇಲೆದ್ದಿತು. ಮರಿಗೆ ತಾಯಿಯ ಕೂಗು ಕೇಳಿಸಲೇ ಇಲ್ಲ. ಹದ್ದು ಅದನ್ನು ಎತ್ತಿಕೊಂಡು ಹೋಯಿತು.

ತಾಯಿ, ವಿಮಾನಗಳ ಸದ್ದು ಅಳೆಯಲು ಪಕ್ಕದ ಕಂಬದ ಮೇಲೆ ಕೂರಿಸಿದ್ದ ಶಬ್ದಮಾಪಕವನ್ನು ಕೇಳಿತು: “ಆ ಅಬ್ಬರ ನಿನ್ನ ಕಿವಿಗೆ ಬೀಳಲಿಲ್ಲವೇ?”

“ಬಿತ್ತು. ಆದರೆ ನಾನು ನೋಡುವುದು ಇಡೀ ದಿನದ ಸರಾಸರಿ. ಅದು ದೇಶದೇಶಗಳು ಕೂತು ಒಪ್ಪಿದ ಮಿತಿಯೊಳಗೇ ಇದೆ.”

ಟಿಟ್ಟಿಭ ಕಂಬಕ್ಕೆ ಹಾರಿ, ಅದರ ಕಿವಿಗೇ ಕೊಕ್ಕಿಟ್ಟು ಕಿರುಚಿತು.

“ಸಾಕು ಮಾರಾಯ್ತಿ! ಕಿವಿ ಒಡೆದುಹೋಗುತ್ತದೆ!”

“ಈಗಲೇ ಯಾಕೆ ಬೊಬ್ಬೆ ಹೊಡೆಯುತ್ತೀಯ? ದಿನ ಮುಗಿಯಲಿ, ಸರಾಸರಿ ತೆಗೆದು ನೋಡು,” ಎಂದು ಟಿಟ್ಟಿಭ ಮತ್ತೆ ಕೊಕ್ಕು ತೆರೆಯಿತು.