ಗೌಡರ ಮನೆಯ ಮಜ್ಜಿಗೆ

ಹಗಲುವೇಷದ ತಿಪ್ಪಯ್ಯ ಯಾವ ವೇಷ ಹಾಕಿದರೂ ಆ ಮನುಷ್ಯನೇ ಆಗಿಬಿಡುತ್ತಿದ್ದ. ದಫೇದಾರನಾಗಿ ಬಂದರೆ ಸಂತೆಯ ಜೇಬುಗಳ್ಳರು ಓಡುತ್ತಿದ್ದರು. ಸೂಲಗಿತ್ತಿಯಾಗಿ ಬಂದರೆ ಬಸುರಿಯರು ಒಳಗೆ ಕರೆಯುತ್ತಿದ್ದರು. ಬರೆದಿಟ್ಟ ಮಾತು ಒಂದೂ ಇರಲಿಲ್ಲ. ಎದುರಿಗಿದ್ದವರ ಮಾತಿನಿಂದಲೇ ಅವನ ಮಾತು ಹುಟ್ಟುತ್ತಿತ್ತು.

ಶಿಷ್ಯ ಗಾದಿಲಿಂಗ ಊರನ್ನು ನಗಿಸುವುದರಲ್ಲಿ ಗುರುವನ್ನೂ ಮೀರಿಸಿದ್ದ. ಗುರುವಿನ ಗೆಜ್ಜೆ ತನಗೆ ಸಿಗಬೇಕೆಂಬುದೊಂದೇ ಅವನ ಆಸೆ.

ಒಂದು ಬೆಳಿಗ್ಗೆ ತಿಪ್ಪಯ್ಯ ಗೆಜ್ಜೆಯನ್ನು ಹೊಳೆದಂಡೆಯ ಹುಣಸೆ ಕೊಂಬೆಗೆ ತೂಗುಹಾಕಿದ. ಶಿಷ್ಯನ ಕೈಗೆ ಹರಕು ಕಂಬಳಿ, ತಟ್ಟೆ ಕೊಟ್ಟ.

"ಇವತ್ತು ತಿರುಕನ ವೇಷ. ಸಂಜೆಯವರೆಗೆ ಕಳಚದೆ ಇದ್ದು ಬಾ. ಗೆಜ್ಜೆ ನಿನ್ನದು."

ಗಾದಿಲಿಂಗ ಮಧ್ಯಾಹ್ನಕ್ಕೇ ಮರಳಿದ. ಮುಖಕ್ಕೆ ಹಚ್ಚಿದ್ದ ಬಣ್ಣ ತೊಳೆದುಹೋಗಿತ್ತು. ಕಂಬಳಿಯನ್ನು ಗುರುವಿನ ಮುಂದೆ ಎಸೆದ.

"ಗೌಡರ ಮನೆಯಲ್ಲಿ ನಾಯಿ ಬಿಟ್ಟರು, ಗುರುಗಳೇ! ನನ್ನ ಮೇಲೆ!"

"ಯಾಕಂತೆ?"

"ಹಸಿವು ಅಂತ ಮೆಟ್ಟಿಲು ಹತ್ತಿದೆ. 'ನಿನಗೆ ಮೆಟ್ಟಿಲು ಬೇರೆ ಕೇಡು' ಅಂದರು. ಮೊನ್ನೆ ಅದೇ ಜಗುಲಿಯ ಮೇಲೆ ದಫೇದಾರನಾಗಿ ಕೂತಿದ್ದೆ. ಇದೇ ಗೌಡರು ಹೊಟ್ಟೆ ಹಿಡಿದು ನಕ್ಕಿದ್ದರು!"

"ಊರನ್ನೇ ನಗಿಸೋ ಬಾಯಿ ಇವತ್ತು ಎಲ್ಲಿಗೆ ಹೋಗಿತ್ತಪ್ಪಾ?"

"ತಿರುಕ ಏನು ಹೇಳಿದರೂ ಯಾರೂ ನಗಲಿಲ್ಲ. ಕೇಳಿಸಿಕೊಳ್ಳಲೂ ಇಲ್ಲ."

"ಆಮೇಲೆ?"

"ಸಿಟ್ಟು ನೆತ್ತಿಗೇರಿತು. ದನದ ತೊಟ್ಟಿಯಲ್ಲಿ ಮುಖ ತೊಳೆದು, 'ನೋಡ್ರಿ ನಾನು ಯಾರು ಅಂತ' ಅಂದೆ. ಗೌಡರು ಹೌಹಾರಿದರು. 'ಅಯ್ಯೋ, ನೀನೇನೋ! ಮೊದಲೇ ಹೇಳಬಾರದಾ' ಅಂತ ಚಾಪೆ ಹಾಸಿಸಿದರು. ನಾಯಿ ಬಿಟ್ಟ ಆಳಿನ ಕೈಯಲ್ಲೇ ಮಜ್ಜಿಗೆ ಕೊಡಿಸಿದರು."

"ಕುಡಿದೆಯಾ?"

"ಎರಡು ಚೊಂಬು."

"ಸಿಟ್ಟು?"

"ಅಲ್ಲಿ ಇಳಿದಿತ್ತು." ಗಾದಿಲಿಂಗ ಕೊಂಬೆಯ ಕಡೆ ನೋಡಿದ. "ಗೆಜ್ಜೆ ಹೋಯಿತಲ್ಲ ಅಂತ ದಾರಿಯಲ್ಲಿ ಮತ್ತೆ ಏರಿತು. ಇಂಥ ವೇಷ ನೀವು ನನಗೆ ಕೊಡಬಾರದಿತ್ತು."

ವೇಷವಿಲ್ಲದಾಗ ತಿಪ್ಪಯ್ಯ ದನಿ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಎತ್ತಿದ.

"ಹಾಗಾದರೆ ನಾಯಿ ಬಿಟ್ಟದ್ದು ತಪ್ಪಲ್ಲ, ಅಲ್ಲವೇನೋ? ನಿನ್ನ ಮೇಲೆ ಬಿಟ್ಟದ್ದಷ್ಟೇ ತಪ್ಪು!"

 

ತಿಪ್ಪಯ್ಯ ಕಂಬಳಿ ಎತ್ತಿ ಹೊದ್ದ. ತಟ್ಟೆ ಹಿಡಿದ. ಬೆನ್ನು ಬಾಗಿತು, ಕಣ್ಣು ಒಳಗೆ ಸರಿಯಿತು. ಹಸಿದ ಮುದುಕನೊಬ್ಬ ಕಾಲೆಳೆಯುತ್ತ ಊರ ಕಡೆ ಹೊರಟ.

"ಈ ಬಿಸಿಲಲ್ಲಿ ಎಲ್ಲಿಗೆ, ಗುರುಗಳೇ? ಅಲ್ಲಿ ನಾಯಿ ಇದೆ!"

ಮುದುಕ ತಿರುಗಿ ನೋಡಲಿಲ್ಲ.

"ನೀನು ಮಜ್ಜಿಗೆ ಕುಡಿದು ಎದ್ದು ಬಂದೆ. ತಿರುಕ ಇನ್ನೂ ಆ ಮೆಟ್ಟಿಲ ಮೇಲೇ ನಿಂತಿದ್ದಾನೆ."